ಪ್ರಶಸ್ತಿಯೂ ದಾಖಲೆಯೂ

ವ್ಯಾಪಾರಿಗೆ ಬಂಡವಾಳಕ್ಕಿಂತ ಮೊದಲು ಬೇಕಾದುದು ಪತ್ತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳ ಪೇಟೆಯಲ್ಲಿ ನೂಲು ಉದ್ದರಿ ಕೊಡುವಾತನೂ ನೇಯ್ದು ಒಪ್ಪಿಸುವಾತನೂ ಪರಸ್ಪರರ ಮನೆತನವನ್ನು ಅರಿತವರಾಗಿದ್ದ ಕಾಲದಲ್ಲಿ ಈ ಪತ್ತಿಗೆ ಕಾಗದದ ಸಾಕ್ಷ್ಯ ಅಷ್ಟಾಗಿ ಬೇಕಿರಲಿಲ್ಲ. ಇಂದು ಠೇವಣಿ ಕೇಳುವ ಸಂಸ್ಥೆಯ ನೋಂದಣಿ ಒಂದು ನಗರದಲ್ಲಿ, ಅದರ ನಿರ್ದೇಶಕರ ವಾಸ ಇನ್ನೊಂದು ನಗರದಲ್ಲಿ ಇರುವುದುಂಟು. ಊರಿಗೆ ಮೊದಲು ತಲುಪುವುದು ಅವರ ಭಾವಚಿತ್ರ, ಸನ್ಮಾನಪತ್ರ, ಅಭಿನಂದನ ಗ್ರಂಥ. ಈ ಹೊಗಳಿಕೆಯ ಸಾಹಿತ್ಯವನ್ನು ಹೇಗೆ ಓದಬೇಕು, ಅದರ ಎದುರಿಗೆ ಯಾವ ಕಾಗದವನ್ನು ಇಟ್ಟು ನೋಡಬೇಕು ಎಂಬುದು ಠೇವಣಿ ಇಡುವ ಕುಟುಂಬಗಳಿಗೂ ದಾನ ಸ್ವೀಕರಿಸುವ ಬಸದಿಯ ಟ್ರಸ್ಟುಗಳಿಗೂ ಸಮಾನವಾಗಿ ಸಂಬಂಧಿಸಿದ ಪ್ರಶ್ನೆಯಾಗಿದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ವಾಣಿಜ್ಯ, ಆಡಳಿತಶಾಸ್ತ್ರಗಳನ್ನು ಓದುವ ತರುಣರಿಗೆ ಈ ವಿಷಯದ ಮೊದಲ ಪಾಠ ಇದೇ ಜಿಲ್ಲೆಯ ಕಲ್ಲುಗಳಲ್ಲಿ ದೊರೆಯುತ್ತದೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ರಚಿಸಿದ ಶಾಸನವಿದೆ. ಕ್ರಿ.ಶ. 634ರ ಸುಮಾರಿನ ಈ ಪ್ರಶಸ್ತಿಯಲ್ಲಿ ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ವೀರ. ಪಲ್ಲವರಾಜ ಕಂಚಿಯ ಕೋಟೆಯ ಹಿಂದೆ ಅಡಗಿದವನು. ಸುಮಾರು 642ರಲ್ಲಿ ಅದೇ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಕೊರೆಸಿದನು. ರವಿಕೀರ್ತಿ ಸುಳ್ಳು ಬರೆದನೆಂದು ಇದರಿಂದ ಸಿದ್ಧವಾಗುವುದಿಲ್ಲ; ಅವನು ಬರೆದಾಗ ಬಾದಾಮಿ ಇನ್ನೂ ಬಿದ್ದಿರಲಿಲ್ಲ. ಪ್ರತಿಯೊಂದು ದಾಖಲೆಗೂ ಒಂದು ತಿಥಿಯಿದೆ, ಅದರಾಚೆಗೆ ಅದರ ಸಾಕ್ಷ್ಯ ಸಲ್ಲುವುದಿಲ್ಲ ಎಂಬುದು ಇಲ್ಲಿಯ ಮೊದಲ ತತ್ತ್ವ. ಗೆದ್ದವನ ಕಲ್ಲನ್ನು ಓದಿದವನು ಎದುರಾಳಿಯ ಕಲ್ಲನ್ನೂ ಹುಡುಕಿ ಓದಬೇಕೆಂಬುದು ಎರಡನೆಯದು.

ಮೂರನೆಯ ತತ್ತ್ವವನ್ನು ವರ್ತಕರ ಶಾಸನಗಳೇ ಕಲಿಸುತ್ತವೆ. ಐಹೊಳೆಯ ಹೆಸರನ್ನೇ ಹೊತ್ತ ಅಯ್ಯಾವೊಳೆಯ ಐನೂರ್ವರ ಸಂಘದ ಶಾಸನಗಳು ದಕ್ಷಿಣದ ನಾಡುಗಳಲ್ಲೆಲ್ಲ ದೊರೆತಿವೆ. ಸುಮಾತ್ರಾ ದ್ವೀಪದಲ್ಲಿ 1088ರ ತಮಿಳು ಶಾಸನವೊಂದು ಅವರನ್ನು ಹೆಸರಿಸುತ್ತದೆ. ಇವರ ಶಾಸನಗಳ ಮೊದಲ ಭಾಗ ಸಾಮಾನ್ಯವಾಗಿ ವಿಶೇಷಣಗಳ ಮಾಲೆ: ಶೌರ್ಯ, ಸತ್ಯ, ಧರ್ಮ, ದಿಗಂತಕೀರ್ತಿ. ಮುಂದಿನ ಭಾಗದಲ್ಲಿ ಯಾವ ಸರಕಿನ ಮೇಲೆ ಎಷ್ಟು ಸುಂಕ, ಯಾವ ದೇವಾಲಯಕ್ಕೆ ಎಷ್ಟು ದತ್ತಿ ಎಂಬ ಲೆಕ್ಕ ಬರುತ್ತದೆ. ಮೊದಲ ಭಾಗವನ್ನು ಯಾವ ಸಂಘಕ್ಕಾದರೂ ಹೊಂದಿಸಬಹುದು. ಎರಡನೆಯ ಭಾಗ ಆ ಊರಿಗೆ, ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿ ತಪ್ಪು ಹೇಳಿದವನು ಸಿಕ್ಕಿಬೀಳುತ್ತಾನೆ. ಇತಿಹಾಸಕಾರರು ವಿಶೇಷಣಗಳಿಗಿಂತ ಅಳತೆಗೆ ಹೆಚ್ಚು ಬೆಲೆ ಕೊಡುವುದು ಈ ಕಾರಣದಿಂದಲೇ.

ನಮ್ಮ ಕಾಲದ ಅಭಿನಂದನ ಗ್ರಂಥಗಳಲ್ಲಿ ಮೊದಲ ಭಾಗ ಉಳಿದು ಎರಡನೆಯ ಭಾಗ ಬಿಟ್ಟುಹೋಗಿರುವುದು ಶೋಚನೀಯ. ಉದ್ಯಮಪತಿ ಬಡತನದಿಂದ ಮೇಲೆ ಬಂದನು, ಕೈ ಎತ್ತಿ ಕೊಟ್ಟನು, ನೂರಾರು ಮನೆಗಳಿಗೆ ಅನ್ನದಾತನಾದನು ಎಂಬ ಮಾತುಗಳಿರುತ್ತವೆ. ಮುಚ್ಚಿಹೋದ ಸಂಸ್ಥೆ, ತೀರದ ಸಾಲ, ಬಾಕಿಯಾದ ಸಂಬಳಗಳ ಸುದ್ದಿ ಇರುವುದಿಲ್ಲ.

ಹೊಗಳಿಕೆಯೂ ದಾಖಲೆಯೂ ಏಕಕಾಲದಲ್ಲಿ ಬೇರೆ ಬೇರೆ ಕಥೆ ಹೇಳಬಲ್ಲವು ಎಂಬುದಕ್ಕೆ ಕರ್ನಾಟಕದ ವಿಜಯ ಮಲ್ಯರ ಪ್ರಸಂಗವೇ ನಿದರ್ಶನ. 2005ರಲ್ಲಿ ಹಾರಾಟ ಆರಂಭಿಸಿದ ಅವರ ಕಿಂಗ್‌ಫಿಷರ್ ವಿಮಾನ ಸಂಸ್ಥೆ ವೈಭವಕ್ಕೆ ಹೆಸರಾಯಿತು. ಆದರೆ ಸಂಸ್ಥೆ ತಾನೇ ಪ್ರಕಟಿಸಿದ ಲೆಕ್ಕಪತ್ರಗಳಲ್ಲಿ 2008-09 ಮತ್ತು 2009-10ರ ನಷ್ಟ ತಲಾ 1,600 ಕೋಟಿ ರೂಪಾಯಿಗೂ ಮಿಕ್ಕಿತ್ತು. ಅದರ ಬೆನ್ನಿಗೇ, 2010ರಲ್ಲಿ, ಅವರು ಕರ್ನಾಟಕದಿಂದ ಎರಡನೆಯ ಬಾರಿಗೆ ರಾಜ್ಯಸಭೆಗೆ ಆಯ್ಕೆಯಾದರು. 2012ರ ಅಕ್ಟೋಬರಿನಲ್ಲಿ ವಿಮಾನ ಸಂಸ್ಥೆಯ ಪರವಾನಗಿ ಅಮಾನತಾಯಿತು. ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿಯಿತ್ತು. ಅದೇ ಡಿಸೆಂಬರಿನಲ್ಲಿ ಅವರು ತಿರುಮಲೆಗೆ 3 ಕಿಲೋ ಚಿನ್ನ ಅರ್ಪಿಸಿದ ಸುದ್ದಿ ಪ್ರಕಟವಾಯಿತು. 2019ರ ಜನವರಿ 5ರಂದು ಮುಂಬಯಿಯ ವಿಶೇಷ ನ್ಯಾಯಾಲಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಅವರು ಆರೋಪಗಳನ್ನು ಅಲ್ಲಗಳೆದಿದ್ದಾರೆ. ಸುಮಾರು 14,131 ಕೋಟಿ ರೂಪಾಯಿ ಮೌಲ್ಯದ ಆಸ್ತಿ ಬ್ಯಾಂಕುಗಳಿಗೆ ಮರಳಿದೆಯೆಂದು ಕೇಂದ್ರ ಹಣಕಾಸು ಸಚಿವರು 2024ರ ಡಿಸೆಂಬರಿನಲ್ಲಿ ಸಂಸತ್ತಿಗೆ ತಿಳಿಸಿದ್ದಾರೆ. ನ್ಯಾಯವಾಗಿ ಓದುವವನು ಈ ಮಾತುಗಳನ್ನೂ ಸೇರಿಸಿಯೇ ಓದಬೇಕು. ಆ ಚಿನ್ನ ಅನ್ಯಾಯದ್ದೆಂದು ಹೇಳಲು ಆಧಾರವಿಲ್ಲ. ಆದರೆ ಸಂಬಳ ಕಾಣದ ನೌಕರನ ಮನೆಯಲ್ಲಿ ಆ ಸುದ್ದಿಯನ್ನು ಹೇಗೆ ಓದಿರಬಹುದೆಂಬುದು ದಾನ ಪಡೆಯುವ ಯಾವ ಸಂಸ್ಥೆಗೂ ಅಪ್ರಸ್ತುತವಾಗಲಾರದು.

ಹಾಗಾದರೆ ನೋಡಬೇಕಾದ ದಾಖಲೆಗಳು ಯಾವುವು? 2013ರ ಕಂಪನಿ ಕಾಯ್ದೆಯ 399ನೆಯ ಕಲಮಿನಂತೆ ಕಂಪನಿ ರಿಜಿಸ್ಟ್ರಾರರಲ್ಲಿರುವ ಕಾಗದಗಳನ್ನು ಶುಲ್ಕ ಕೊಟ್ಟು ಯಾರಾದರೂ ನೋಡಬಹುದು. ನಿರ್ದೇಶಕರು ಯಾರು, ಯಾರು ಯಾವಾಗ ಬಿಟ್ಟುಹೋದರು, ಆಸ್ತಿಯ ಮೇಲೆ ಯಾವ ಬ್ಯಾಂಕಿನ ಸಾಲವಿದೆ, ವರ್ಷದ ಲೆಕ್ಕಪತ್ರ ಸಲ್ಲಿಕೆಯಾಗಿದೆಯೆ ಎಂಬುದು ಅಲ್ಲಿ ತಿಳಿಯುತ್ತದೆ. ಜಮೀನು, ಕಟ್ಟಡಗಳ ಋಣಭಾರ ಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಿಗುತ್ತದೆ. ನ್ಯಾಯಾಲಯಗಳ ದಾವೆಗಳ ಸ್ಥಿತಿಯನ್ನೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಆದೇಶಗಳನ್ನೂ ಸಾರ್ವಜನಿಕರು ನೋಡಬಹುದು. ಪತ್ತಿನ ಸಹಕಾರಿ ಸಂಘವಾದರೆ ಸದಸ್ಯನಿಗೆ ಲೆಕ್ಕಪರಿಶೋಧನಾ ವರದಿಯೇ ಮುಖ್ಯ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿಯವರೆಗೆ ಇರುವ ವಿಮೆ ಇಂಥ ಸಂಘಗಳ ಠೇವಣಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಹಿರಿಯರಿರುವ ಮನೆಗಳಲ್ಲಿ ತಿಳಿದಿರುವುದು ಲೇಸು.

ಆದರೆ ದಾಖಲೆಯೂ ಪ್ರಶಸ್ತಿಯಾಗಿಬಿಡಬಹುದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸಂಸ್ಥೆಗೆ 2008ರಲ್ಲಿ ಉತ್ತಮ ಆಡಳಿತದ ಪ್ರಶಸ್ತಿ ಬಂದಿತ್ತು. ಲೆಕ್ಕಪತ್ರಗಳ ಮೇಲೆ ಲೆಕ್ಕಪರಿಶೋಧಕರ ರುಜುವೂ ಇತ್ತು. 2009ರ ಜನವರಿ 7ರಂದು ಅಧ್ಯಕ್ಷರಾದ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೆಂದು ಒಪ್ಪಿಕೊಂಡರು. ಆದುದರಿಂದ ಒಂದೇ ಕಾಗದವನ್ನು ನೆಚ್ಚದೆ, ಬೇರೆ ಬೇರೆ ಕೈಗಳು ಬರೆದ ಕಾಗದಗಳನ್ನು ತಾಳೆ ನೋಡುವುದು ಅವಶ್ಯಕ.

ದೋಷಾರೋಪಣೆಯ ಕಾಗದಗಳಿಗೂ ಇದೇ ನಿಯಮ. 2017ರಲ್ಲಿ ಕೇಂದ್ರ ಸರಕಾರ 3 ಲಕ್ಷಕ್ಕೂ ಮಿಕ್ಕ ನಿರ್ದೇಶಕರನ್ನು, ಮೂರು ವರ್ಷ ಸತತವಾಗಿ ಲೆಕ್ಕ ಸಲ್ಲಿಸದ ಕಂಪನಿಗಳವರೆಂಬ ಕಾರಣಕ್ಕೆ, ಅನರ್ಹರೆಂದು ಸಾರಿತು. ಹೊಸ ಕಾಯ್ದೆಯ ಈ ನಿಯಮ ಜಾರಿಗೆ ಬರುವ ಮೊದಲಿನ ಲೋಪವನ್ನು ಲೆಕ್ಕಕ್ಕೆ ಹಿಡಿದು ಖಾಸಗಿ ಕಂಪನಿಗಳ ನಿರ್ದೇಶಕರ ಮೇಲೆ ಹೊರಿಸಿದ್ದ ಅನರ್ಹತೆಯನ್ನು ಕರ್ನಾಟಕ ಹೈಕೋರ್ಟು 2019ರಲ್ಲಿ ರದ್ದುಪಡಿಸಿತು. 2017ರ ಪಟ್ಟಿಯನ್ನು ಮಾತ್ರ ಓದಿ ಒಬ್ಬನನ್ನು ವಂಚಕನೆಂದು ಕರೆದವನು, ಮೇಗುತಿಯನ್ನು ಓದಿ ಬಾದಾಮಿಯನ್ನು ಓದದವನಂತೆಯೇ. ಪೊಲೀಸರ ಪ್ರಥಮ ವರ್ತಮಾನ ವರದಿ ತೀರ್ಪಲ್ಲ. ಒಂದೇ ಅಡ್ಡಹೆಸರಿನ ಹತ್ತಾರು ಮನೆಗಳಿರುವ ನಮ್ಮ ಸೀಮೆಯಲ್ಲಿ ತಂದೆಯ ಹೆಸರನ್ನೂ ನಿರ್ದೇಶಕನ ಗುರುತಿನ ಸಂಖ್ಯೆಯನ್ನೂ ಸರಿನೋಡದೆ ನಿರ್ಣಯಕ್ಕೆ ಬಂದರೆ ನಿರಪರಾಧಿಯ ಮಾನಹಾನಿಯಾಗುತ್ತದೆ.

ಶ್ರಾವಕಾಚಾರ ಈ ಎರಡೂ ಕಡೆಯ ಅಪಾಯಗಳನ್ನು ಹಿಂದೆಯೇ ಗುರುತಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಂದರೆ ಸುಳ್ಳು ಕಾಗದ ಬರೆಯುವುದನ್ನೂ, ಒಪ್ಪಿಸಿಟ್ಟ ಹಣವನ್ನು ಲಪಟಾಯಿಸುವ ನ್ಯಾಸಾಪಹಾರವನ್ನೂ ಎಣಿಸಿದ್ದಾರೆ. ಅದೇ ಸಾಲಿನಲ್ಲಿ ಪರರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವೂ ಇದೆ. ಮೊದಲ ಎರಡು ಪರೀಕ್ಷೆಗೆ ಒಳಗಾಗುವವನಿಗೆ ಎಚ್ಚರಿಕೆ, ಮೂರನೆಯದು ಪರೀಕ್ಷಿಸುವವನಿಗೇ. ಠೇವಣಿ, ಸಾಲ, ಸಂಬಳಗಳ ವಿಚಾರ ಸಾರ್ವಜನಿಕರದು. ದಾಂಪತ್ಯ, ಕಾಯಿಲೆ, ಮಕ್ಕಳ ವಿಚಾರ ಅವರ ಮನೆಯದು. ಅದಕ್ಕೆ ಕೈಹಾಕಿದರೆ ವಿಮರ್ಶೆ ಚಾಡಿಯಾಗುತ್ತದೆ.

ಟ್ರಸ್ಟುಗಳಿಗೆ ಅಚೌರ್ಯಾಣುವ್ರತದ ಒಂದು ಅತಿಚಾರ ವಿಶೇಷವಾಗಿ ಸಲ್ಲುತ್ತದೆ. ಅದು ತದಾಹೃತಾದಾನ, ಕದ್ದು ತಂದುದನ್ನು ಸ್ವೀಕರಿಸುವುದು. ಕದಿಯದಿದ್ದರೂ ಸ್ವೀಕರಿಸಿದ ಕೈಗೆ ದೋಷವುಂಟು. ಆದುದರಿಂದ ದೊಡ್ಡ ದತ್ತಿಯನ್ನು ಒಪ್ಪುವ ಮೊದಲು ದಾಖಲೆಗಳನ್ನು ತರಿಸಿ ನೋಡುವುದು, ಸಂಶಯ ಬಂದಲ್ಲಿ ದಾನಿಯನ್ನೇ ಏಕಾಂತದಲ್ಲಿ ವಿನಯದಿಂದ ಕೇಳುವುದು, ಅವರ ಉತ್ತರವನ್ನು ನಡಾವಳಿಯಲ್ಲಿ ಬರೆದಿಡುವುದು ಅಪಮಾನವಲ್ಲ, ಧರ್ಮದ ಕೆಲಸ. ಪ್ರಾಮಾಣಿಕ ದಾನಿಗೆ ಇದರಿಂದ ನಷ್ಟವಿಲ್ಲ. ಸಂಶಯ ತೀರದಿದ್ದರೆ ಹಣವನ್ನು ಒಪ್ಪದೆ ಕಾಯುವುದು ಮೇಲು.

ಹೀಗೆ ಕೇಳುವ ಅಧಿಕಾರ ತನ್ನ ಲೆಕ್ಕವನ್ನು ತೆರೆದಿಟ್ಟ ಸಂಸ್ಥೆಗೆ ಮಾತ್ರ ಇದೆ ಎಂಬುದನ್ನು ಟ್ರಸ್ಟಿಗಳು ಮರೆಯಬಾರದು. ವರ್ಷದ ಜಮಾಖರ್ಚು ಬಸದಿಯ ಫಲಕದ ಮೇಲೆ ಓದಲು ಸಿಗುವಲ್ಲಿ ದಾನಿಯೂ ಪ್ರಶ್ನೆಗೆ ಬೇಸರಿಸಲಾರನು. ಕಲ್ಲಿನಲ್ಲಿ ಕೊರೆಸಿದ ಹೆಸರನ್ನು ಮುಂದೆ ಅಳಿಸುವುದು ಕಷ್ಟ. ಕೊರೆಸುವ ಮೊದಲು ನಾಲ್ಕು ಕಾಗದ ಓದುವುದು ಕಷ್ಟವಲ್ಲ.