ಜೆರೇನಿಯಂ ಕುಂಡದಿಂದ ತೀರ್ಪಿನ ದಿನಕ್ಕೆ

ಬರೆದದ್ದನ್ನು ಮತ್ತೆ ಬರೆಯುವುದೆಂದರೆ ಪದಗಳನ್ನು ತಿದ್ದಿ ತೀಡುವ ಕೆಲಸವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ಕಥೋಲಿಕ ಕಥೆಗಾರ್ತಿ ಫ್ಲ್ಯಾನರಿ ಓಕಾನರ್ ಅವರ ಎರಡು ಕಥೆಗಳನ್ನು ಜೊತೆಗಿಟ್ಟು ಓದಿದವರಿಗೆ ಈ ಭಾವನೆ ಸಾಲದೆನಿಸುತ್ತದೆ. 'ಜೆರೇನಿಯಂ' 1946ರಲ್ಲಿ ಪ್ರಕಟವಾದ ಅವರ ಮೊದಲ ಕಥೆ. ಆಗ ಅವರಿಗೆ 21 ವರ್ಷ. 'ತೀರ್ಪಿನ ದಿನ' ಅವರು 1964ರಲ್ಲಿ, ಮರಣದ ಹೊಸ್ತಿಲಲ್ಲಿ, ತಿದ್ದುತ್ತಿದ್ದ ಕೊನೆಯ ಕಥೆಗಳಲ್ಲೊಂದು. ಬೇರೆ ಬೇರೆ ಶೀರ್ಷಿಕೆಗಳಡಿ ಹಲವು ಕರಡುಗಳನ್ನು ದಾಟಿ ಬಂದ ಒಂದೇ ಕಥೆಯ ಎರಡು ತುದಿಗಳಿವು. 1971ರಲ್ಲಿ ಹೊರಬಂದ ಅವರ ಸಮಗ್ರ ಕಥಾಸಂಪುಟ ಒಂದರಿಂದ ಆರಂಭವಾಗಿ ಮತ್ತೊಂದರಲ್ಲಿ ಮುಗಿಯುತ್ತದೆ.

ಮೊದಲ ಕಥೆಯ ಮುದುಕ ಡಡ್ಲಿ, ಅಮೆರಿಕದ ದಕ್ಷಿಣ ಪ್ರಾಂತ್ಯದ ತನ್ನ ಊರು ಬಿಟ್ಟು ನ್ಯೂಯಾರ್ಕಿನ ಮಗಳ ಮನೆಗೆ ಬಂದವನು. ಎದುರುಮನೆಯ ಕಿಟಕಿಯಲ್ಲಿ ದಿನವೂ ಹೊರಗಿಡುವ ಜೆರೇನಿಯಂ ಗಿಡವನ್ನು ನೋಡುತ್ತಾ ಕೂರುವುದೇ ಅವನ ದಿನಚರಿ. ಒಮ್ಮೆ ಮೆಟ್ಟಿಲಲ್ಲಿ ಎಡವಿದವನನ್ನು ಪಕ್ಕದ ಮನೆಯ ಕಪ್ಪುವರ್ಣೀಯ ಸಜ್ಜನನೊಬ್ಬ ಕೈಹಿಡಿದು ಮೇಲಕ್ಕೆ ಕರೆತರುತ್ತಾನೆ. ಆ ಉಪಕಾರವೇ ಮುದುಕನಿಗೆ ಅವಮಾನವಾಗುತ್ತದೆ. ಕೊನೆಗೆ ಕುಂಡ ಕೆಳಗೆ ಬಿದ್ದು ಒಡೆದು, ಬೇರು ಮೇಲಾಗಿ ಓಣಿಯಲ್ಲಿ ಬಿದ್ದಿರುತ್ತದೆ. ಅದನ್ನು ಎತ್ತಿತರಲು ಮೆಟ್ಟಿಲಿಳಿಯುವ ಧೈರ್ಯವೂ ಅವನಿಗಿಲ್ಲ. ಅಚ್ಚುಕಟ್ಟಾದ ಕಥೆ, ತುಸು ಹೆಚ್ಚೇ ಅಚ್ಚುಕಟ್ಟು ಎನ್ನಬೇಕು. ಬೇರು ಕಿತ್ತ ಗಿಡವೇ ಬೇರು ಕಿತ್ತ ಮನುಷ್ಯನೆಂದು ಓದುಗನಿಗೆ ತಿಳಿದೊಡನೆ ಕಥೆಗೆ ಹೇಳಲು ಬೇರೇನೂ ಉಳಿಯುವುದಿಲ್ಲ. ನಮಗೆ ಮುದುಕನ ಮೇಲೆ ಕನಿಕರ ಹುಟ್ಟುತ್ತದೆ, ಅಷ್ಟೆ.

ಇದನ್ನು ಬರೆಯುತ್ತಿದ್ದ ಕಾಲದಲ್ಲಿ ಓಕಾನರ್ ಅಯೋವಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಅಲ್ಲಿ ಅವರಿಟ್ಟ ಪ್ರಾರ್ಥನೆಗಳ ದಿನಚರಿ 2013ರಲ್ಲಿ ಪ್ರಕಟವಾಗಿದೆ. ಒಳ್ಳೆಯ ಬರಹಗಾರ್ತಿಯಾಗಬೇಕೆಂಬ ಹಂಬಲವನ್ನು ಅವರು ಅದರಲ್ಲಿ ಸಂಕೋಚವಿಲ್ಲದೆ ದೇವರ ಮುಂದಿಡುತ್ತಾರೆ. ಆದರೆ ದೇವರು ಅವರಿಗೆ ಹಗುರವಾದ ಮಾರ್ಗವನ್ನು ಕೊಡಲಿಲ್ಲ. ತಂದೆಯನ್ನು 1941ರಲ್ಲಿ ಬಲಿತೆಗೆದುಕೊಂಡ ಲೂಪಸ್ ಕಾಯಿಲೆ ಮಗಳಿಗೂ ಬಂತು. 1951ರಿಂದ ಜಾರ್ಜಿಯಾದ ಮಿಲೆಜ್‌ವಿಲ್ ಬಳಿಯ ಹೊಲಮನೆಯಲ್ಲಿ ತಾಯಿಯೊಡನೆ ವಾಸ; ಕೆಲವು ವರ್ಷಗಳಲ್ಲಿ ಊರುಗೋಲು. ಬೆಳಗಿನ ಬಲಿಪೂಜೆ, ಅನಂತರ ಎರಡು ಮೂರು ತಾಸು ಬರವಣಿಗೆ. ಅದಕ್ಕಿಂತ ಹೆಚ್ಚಿಗೆ ದೇಹ ಒಪ್ಪುತ್ತಿರಲಿಲ್ಲ. ಮೊದಲ ಕಾದಂಬರಿ 'ವೈಸ್ ಬ್ಲಡ್' ಮುಗಿಯಲು ಸುಮಾರು ಐದು ವರ್ಷ ಹಿಡಿಯಿತು. ಹಿರಿಯ ಲೇಖಕಿ ಕ್ಯಾರೊಲಿನ್ ಗಾರ್ಡನ್ ಕರಡುಗಳನ್ನು ಓದಿ ನಿಷ್ಠುರವಾಗಿ ತಪ್ಪು ತೋರಿಸುತ್ತಿದ್ದರು. ಓಕಾನರ್ ಮತ್ತೆ ಬರೆಯುತ್ತಿದ್ದರು.

1964ರಲ್ಲಿ ಶಸ್ತ್ರಚಿಕಿತ್ಸೆಯೊಂದರ ನಂತರ ಕಾಯಿಲೆ ಕೆರಳಿತು. ಆಸ್ಪತ್ರೆಯಲ್ಲಿ ಬರೆಯುತ್ತಿದ್ದ ಹಾಳೆಗಳನ್ನು ಅವರು ದಿಂಬಿನಡಿ ಬಚ್ಚಿಡುತ್ತಿದ್ದರಂತೆ. ಜುಲೈ ತಿಂಗಳಲ್ಲಿ ಅಭ್ಯಂಗ ಸಂಸ್ಕಾರವನ್ನು ಪಡೆದರು. ಆಗಸ್ಟ್ 3ರಂದು, 39ರ ಪ್ರಾಯದಲ್ಲಿ, ಕಣ್ಮುಚ್ಚಿದರು. ಸಮಯ ಇಷ್ಟು ಕಡಿಮೆಯಿದ್ದಾಗ, ಎಂದೋ ಅಚ್ಚಾಗಿ ಮುಗಿದ ಕಥೆಗೆ ಅವರು ಹಿಂದಿರುಗಿದ್ದೇಕೆ? ಉತ್ತರ ಹೊಸ ಕಥೆಯೊಳಗೇ ಇದೆ.

'ತೀರ್ಪಿನ ದಿನ'ದ ಮುದುಕ ಟ್ಯಾನರ್‌ಗೆ ಗಿಡ ನೋಡುವ ವ್ಯವಧಾನವಿಲ್ಲ. ಬದುಕಿದ್ದಾಗಲೋ ಸತ್ತ ಮೇಲೋ, ಅವನು ಜಾರ್ಜಿಯಾದ ಕೊರಿಂತ್‌ಗೆ ಮರಳಲೇಬೇಕು. ಸತ್ತರೆ ತನ್ನ ದೇಹವನ್ನು ಅಲ್ಲಿನ ಕಪ್ಪುವರ್ಣೀಯ ಗೆಳೆಯ ಕೋಲ್ಮನ್‌ಗೆ ಕಳುಹಿಸಬೇಕೆಂದು ಚೀಟಿ ಬರೆದು ಜೇಬಿನಲ್ಲಿ ಪಿನ್ನು ಮಾಡಿಕೊಂಡಿದ್ದಾನೆ. ಡಡ್ಲಿಗಿದ್ದದ್ದು ಊರಿನ ಹಂಬಲ. ಟ್ಯಾನರ್‌ಗೆ ಅದರ ಜೊತೆಗೆ ನರಕದ ಭಯವೂ ಪುನರುತ್ಥಾನದ ನಂಬಿಕೆಯೂ ಇವೆ. ವಿಶ್ವಾಸ ಸಂಗ್ರಹವನ್ನು ಹೇಳುವಾಗ ನಾವು ಒಪ್ಪಿಕೊಳ್ಳುವ ಶರೀರದ ಪುನರುತ್ಥಾನವನ್ನು ಈ ಒರಟು ಮುದುಕ ಅಕ್ಷರಶಃ ನಂಬುತ್ತಾನೆ: ಶವಪೆಟ್ಟಿಗೆಯ ಮುಚ್ಚಳ ತೆರೆದೊಡನೆ ಎದ್ದು ಕುಳಿತು ತೀರ್ಪಿನ ದಿನ ಬಂತೆಂದು ಕೂಗಿ ಗೆಳೆಯರನ್ನು ಬೆಚ್ಚಿಬೀಳಿಸುವ ಕನಸು ಕಾಣುತ್ತಾನೆ. ಇಷ್ಟು ನಗು ಮೊದಲ ಕಥೆಯಲ್ಲಿ ಇರಲಿಲ್ಲ. ಸಾವು ದೂರವಿದ್ದಾಗ ಬರೆದ ಕಥೆ ಮಂಕಾಗಿದೆ, ಹಾಸಿಗೆಯ ಬಳಿ ಬಂದು ನಿಂತಾಗ ಬರೆದದ್ದು ನಗುತ್ತದೆ.

ಇನ್ನೊಂದು ಮಾರ್ಪಾಡು ಇದಕ್ಕಿಂತ ಕಹಿ. ಡಡ್ಲಿಯ ಜನಾಂಗದ ಅಹಂಕಾರಕ್ಕೆ ತೆತ್ತ ಬೆಲೆ ಕೇವಲ ಮುಜುಗರ. ಟ್ಯಾನರ್ ಊರು ಬಿಟ್ಟದ್ದೇ ಕಪ್ಪುವರ್ಣೀಯ ಜಮೀನುದಾರನ ಕೈಕೆಳಗೆ ದುಡಿಯಲಾರೆನೆಂಬ ಹಮ್ಮಿನಿಂದ. ಹಾಗಾದರೂ ಅಲ್ಲೇ ಉಳಿಯಬೇಕಿತ್ತೆಂದು ಈಗ ಪರಿತಪಿಸುತ್ತಾನೆ. ಆದರೂ ಅಹಂಕಾರ ಸಾಯುವುದಿಲ್ಲ. ನೆರೆಮನೆಯ ಕಪ್ಪುವರ್ಣೀಯ ನಟನನ್ನು ತನ್ನೂರಿನ ಧಾಟಿಯಲ್ಲೇ ಮಾತನಾಡಿಸಲು ಹೋಗಿ ಏಟು ತಿನ್ನುತ್ತಾನೆ. ಕೊನೆಗೆ ಊರಿಗೆ ಹೊರಟವನು ಮೆಟ್ಟಿಲ ಕಟಕಟೆಯ ಕಂಬಿಗಳ ನಡುವೆ ತಲೆ, ತೋಳು ಸಿಕ್ಕಿಸಲ್ಪಟ್ಟು ಹೆಣವಾಗುತ್ತಾನೆ.

ಪುನರ್ಲೇಖನ ಎಲ್ಲವನ್ನೂ ಗುಣಪಡಿಸಿತೆಂದು ನಾನು ಹೇಳಲಾರೆ. ಆ ನಟನ ಒಳಮನಸ್ಸಿಗೆ ಕಥೆ ಕೊನೆಯವರೆಗೂ ಇಣುಕುವುದಿಲ್ಲ. ಓಕಾನರ್ ಅವರ ಖಾಸಗಿ ಪತ್ರಗಳಲ್ಲಿ ಕಪ್ಪುವರ್ಣೀಯರ ಬಗ್ಗೆ ಹೀನ ಮಾತುಗಳಿವೆ. 2020ರಲ್ಲಿ ಮೇರಿಲ್ಯಾಂಡ್‌ನ ಲೊಯೋಲ ವಿಶ್ವವಿದ್ಯಾನಿಲಯವು ವಿದ್ಯಾರ್ಥಿನಿಲಯವೊಂದರಿಂದ ಅವರ ಹೆಸರನ್ನು ತೆಗೆದುಹಾಕಿತು. ಭಕ್ತಿಯಿಂದ ಬಲಿಪೂಜೆಗೆ ಹೋಗುವ ಮನಸ್ಸಿನಲ್ಲೂ ಇಂಥ ಕಸ ಉಳಿಯಬಲ್ಲದು. ಅವರ ಪರವಾಗಿ ಹೇಳಬಹುದಾದದ್ದು ಇಷ್ಟು: ಪತ್ರಗಳಲ್ಲಿ ಅವರು ಬಿಟ್ಟುಕೊಡದಿದ್ದ ಅಹಂಕಾರವನ್ನು ಕಥೆ ಮಾತ್ರ ಪ್ರತಿ ಸಲವೂ ಇನ್ನಷ್ಟು ಕಠಿಣವಾಗಿ ವಿಚಾರಣೆಗೆ ಎಳೆಯಿತು.

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗವು ಟ್ಯಾನರ್ ಸತ್ತ ನಂತರ ಬರುವ ಒಂದೆರಡು ವಾಕ್ಯಗಳು. ಅಪ್ಪನನ್ನು ಊರಲ್ಲೇ ಹೂಳುವೆನೆಂದು ಮಾತು ಕೊಟ್ಟಿದ್ದ ಮಗಳು, ಖರ್ಚು ತೊಂದರೆ ಬೇಡವೆಂದು ನ್ಯೂಯಾರ್ಕಿನಲ್ಲೇ ಹೂಳಿಸುತ್ತಾಳೆ. ರಾತ್ರಿಗಳಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲ. ಕಡೆಗೆ ಸಮಾಧಿಯನ್ನು ಅಗೆಸಿ, ಶವವನ್ನು ಕೊರಿಂತ್‌ಗೆ ಕಳುಹಿಸಿಕೊಡುತ್ತಾಳೆ. 1946ರ ಕಥೆಯಲ್ಲಿ ಒಡೆದ ಕುಂಡವನ್ನು ಎತ್ತಿಕೊಳ್ಳಲು ಯಾರೂ ಕೆಳಗಿಳಿದಿರಲಿಲ್ಲ.