ಸುಲಭಕ್ಕೆ ಬಗ್ಗದ ಹೊನ್ನಾಳಿ

ಚನ್ನಗಿರಿ 577213, ಹೊನ್ನಾಳಿ 577217, ನ್ಯಾಮತಿ 577223, ಜಗಳೂರು 577528. ಅಂಚೆಯವರಿಗೆ ಇವು ಪಿನ್‌ಕೋಡ್. ಲೆಕ್ಕದ ಚಟ ಹತ್ತಿದವರಿಗೆ ಒಡೆದು ನೋಡದೆ ಬಿಡಲಾಗದ ಸಂಖ್ಯೆಗಳು. ನಾಲ್ಕೂ ಊರು ಈಗ ದಾವಣಗೆರೆ ಜಿಲ್ಲೆಯವೇ. ಆದರೂ ಜಗಳೂರಿನ ಅಂಕಿ ಮಾತ್ರ ದೂರ ನಿಂತಿದೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ದಾವಣಗೆರೆ ಜಿಲ್ಲೆಯಾದದ್ದು ಸರಿಯಾಗಿ 25 ವರ್ಷದ ಮೇಲೆ, ಅದೇ ದಿನ. ಅಷ್ಟರಲ್ಲಿ ಜಗಳೂರು ಚಿತ್ರದುರ್ಗದ ಸಾಲಿನಲ್ಲೂ ಉಳಿದವು ಶಿವಮೊಗ್ಗದ ಸಾಲಿನಲ್ಲೂ ನಂಬರು ಹಿಡಿದಾಗಿತ್ತು.

ನಾಲ್ಕರ ತಲೆಯಲ್ಲೂ ಇರುವ 577 ಸ್ವತಃ ಅವಿಭಾಜ್ಯ. ದೊಡ್ಡ ಮನೆತನದ್ದೂ ಹೌದು: ಬೌಧಾಯನ ಶುಲ್ಬಸೂತ್ರ 2ರ ವರ್ಗಮೂಲಕ್ಕೆ ಹೇಳುವ ಬೆಲೆಯನ್ನು ಕೂಡಿಸಿದರೆ ಬರುವುದು 577/408. 577ರ ವರ್ಗ 332929. 408ರ ವರ್ಗದ ಎರಡರಷ್ಟು 332928. ಹೆಚ್ಚಾದದ್ದು ಒಂದೇ ಒಂದು! ಪಿನ್‌ಕೋಡ್ ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಆಗಿದ್ದರು. ಆದರೂ ಇದು ಕಾಕತಾಳೀಯವೇ ಸರಿ.

ಆರಂಕಿಯ ಸಂಖ್ಯೆಯನ್ನು ನಡುವೆ ಸೀಳಿ, ಎಡದ ಮೂರಂಕಿಯಿಂದ ಬಲದ ಮೂರಂಕಿ ಕಳೆಯಿರಿ. ಉಳಿದದ್ದು 7, 11, 13ರಲ್ಲಿ ಯಾವುದರಿಂದ ಭಾಗವಾಗುತ್ತದೋ ಇಡೀ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಆ ಮೂರನ್ನು ಗುಣಿಸಿದರೆ 1001 ಬರುವುದೇ ಇದರ ಗುಟ್ಟು. (ಹಿಂದುಮುಂದಾಗಿ ಓದಿದರೂ ಬದಲಾಗದ ಇಂಥ ಸಂಖ್ಯೆಗಳೆಂದರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನಿಗೆ ಪ್ರಾಣ. ‘ಗಣಿತಸಾರಸಂಗ್ರಹ’ದಲ್ಲಿ ಅವನ್ನು ಕೊರಳ ಹಾರವೆಂದೇ ಕರೆದ. ಅವನದೊಂದು ಹಾರ: 142857143ನ್ನು 7ರಿಂದ ಗುಣಿಸಿ ನೋಡಿ.)

ಚನ್ನಗಿರಿಗೆ ಉಳಿಯುವುದು 364. ಏಳಕ್ಕೂ ಹೋಗುತ್ತದೆ, ಹದಿಮೂರಕ್ಕೂ ಹೋಗುತ್ತದೆ: 7×13×6343. ಜಗಳೂರಿಗೆ 49, ಮೇಲಾಗಿ ಸಮಸಂಖ್ಯೆ, 8×7×10313 ಎಂದು ಕುಳಿತಲ್ಲೇ ಬಿಚ್ಚಿಕೊಳ್ಳುತ್ತದೆ. ನ್ಯಾಮತಿ ಸ್ವಲ್ಪ ಸತಾಯಿಸಿ 53×10891 ಎಂದು ಒಪ್ಪಿಕೊಳ್ಳುತ್ತದೆ.

ನನ್ನ ಮೆಚ್ಚಿನದು ಹೊನ್ನಾಳಿ. ಅಲ್ಲಿ ಉಳಿಯುವ 360ರ ಮುಂದೆ 7, 11, 13 ಮೂರಕ್ಕೂ ಸೋಲು. 29ರಿಂದ ಭಾಗಿಸಿದರೆ ಶೇಷ 1. ಸಿಕ್ಕೇಬಿಟ್ಟಿತು ಅನ್ನಿಸಿ ತಪ್ಪಿಸಿಕೊಳ್ಳುತ್ತದೆ. ನೂರು ದಾಟಿ, ಮುನ್ನೂರು ದಾಟಿ, 311ರಲ್ಲಿ ಮತ್ತದೇ ಶೇಷ 1, ಮತ್ತದೇ ಆಟ. ವರ್ಗಮೂಲ 759ರ ಮೇಲಿರುವುದರಿಂದ ಅಲ್ಲಿಯವರೆಗೂ ಹುಡುಕದೆ ಬಿಡುವಂತಿಲ್ಲ. ಇದು ಅವಿಭಾಜ್ಯವೇ ಇರಬೇಕೆಂದು ಪೆನ್ನಿನ ಟೊಪ್ಪಿ ಹಾಕುವ ಹೊತ್ತಿಗೆ, 75ನೆಯ ಅವಿಭಾಜ್ಯವಾದ 379ಕ್ಕೆ ಸಿಕ್ಕಿಬೀಳುತ್ತದೆ: 379×1523. ಎರಡೇ ತುಂಡು, ಎರಡೂ ಅವಿಭಾಜ್ಯ.

ಈ ಎರಡನ್ನು ಗುಣಿಸಲು ಅರ್ಧ ನಿಮಿಷ ಸಾಕು; ಒಡೆಯಲು ಒಂದು ಮಧ್ಯಾಹ್ನವೇ ಬೇಕು. ಆನ್‌ಲೈನ್ ವ್ಯವಹಾರದ ಗುಟ್ಟು ಕಾಯುವ ಆರ್‌ಎಸ್‌ಎ ಪದ್ಧತಿ ನೆಚ್ಚಿಕೊಂಡಿರುವುದು ಈ ಅಂತರವನ್ನೇ, ಅಂಕಿಗಳು ಮಾತ್ರ ನೂರಾರು. ಹಾಗೆಯೇ ಎರಡು ಅವಿಭಾಜ್ಯಗಳನ್ನು ಗುಣಿಸಿ ಸವಾಲಾಗಿ ಇಟ್ಟಿದ್ದ 250 ಅಂಕಿಯ ಸಂಖ್ಯೆಯೊಂದನ್ನು 2020ರಲ್ಲಿ ಒಡೆದರು. ಸಾವಿರಾರು ಯಂತ್ರಗಳಿಗೆ ಹಂಚಿ ಮಾಡಿದ ಆ ಲೆಕ್ಕವನ್ನು ಒಂದೇ ಪ್ರೊಸೆಸರ್ ಕೋರ್‌ಗೆ ಒಪ್ಪಿಸಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು.