ಎಲ್ಲವನ್ನೂ ಝಿಯಾ ತಲೆಗೆ ಕಟ್ಟಬಹುದೇ?

ಪಾಕಿಸ್ತಾನದ ಮಾತು ಬಂದಾಗಲೆಲ್ಲ ಒಂದು ತೀರ್ಪು ಸಿದ್ಧವಾಗಿರುತ್ತದೆ: ಆ ದೇಶವನ್ನು ಕೆಡಿಸಿದವನು ಜನರಲ್ ಝಿಯಾವುಲ್ ಹಕ್. ಅಲ್ಲಿಯ ಪ್ರಜಾಪ್ರಭುತ್ವವಾದಿಗಳು ಇದನ್ನು ನೋವಿನಿಂದ ಹೇಳುತ್ತಾರೆ, ನಮ್ಮಲ್ಲಿ ಕೆಲವರು ಖುಷಿಯಿಂದ ಹೇಳುತ್ತಾರೆ. ತೀರ್ಪು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಮುಹಮ್ಮದ್ ಹನೀಫ್ ಅವರ ಇಂಗ್ಲಿಷ್ ಕಾದಂಬರಿ 'ಎ ಕೇಸ್ ಆಫ್ ಎಕ್ಸ್‌ಪ್ಲೋಡಿಂಗ್ ಮ್ಯಾಂಗೋಸ್' (2008) ಓದಿದಾಗ ಈ ಮೊಕದ್ದಮೆಯನ್ನು ಮತ್ತೆ ತೆರೆಯಬೇಕೆನಿಸುತ್ತದೆ.

1988ರ ಆಗಸ್ಟ್ 17ರಂದು ಬಹಾವಲ್‌ಪುರದ ಬಳಿ ವಿಮಾನ ಬಿದ್ದು ಝಿಯಾ ಸತ್ತರು. ಯಾರು ಕೊಂದರು, ಅಥವಾ ಯಾರಾದರೂ ಕೊಂದರೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹನೀಫ್ ಆ ಖಾಲಿ ಜಾಗದಲ್ಲಿ ಕಥೆ ಕಟ್ಟುತ್ತಾರೆ. ತಂದೆಯ ಸಾವಿಗೆ ಸೇಡು ತೀರಿಸಿಕೊಳ್ಳಲು ಹೊರಟ ತರುಣ, ಜನರಲ್‌ಗಳ ಸಂಚು, ಮಾವಿನ ಹಣ್ಣಿನ ಪೆಟ್ಟಿಗೆ, ಕುರುಡಿಯೊಬ್ಬಳ ಶಾಪ ಹೊತ್ತ ಕಾಗೆ, ಹೀಗೆ ಎಲ್ಲವೂ ಒಬ್ಬನ ಕಡೆಗೇ ಹೊರಟಿವೆ. ಸರ್ವಾಧಿಕಾರಿಯನ್ನು ನಗೆಪಾಟಲು ಮಾಡುವುದರಲ್ಲಿ ಕಾದಂಬರಿ ಗೆದ್ದಿದೆ. ಆ ಕುರುಡಿಯ ಪಾತ್ರವಂತೂ ಬರೀ ಕಲ್ಪನೆಯಲ್ಲ. 1983ರಲ್ಲಿ ಅತ್ಯಾಚಾರಕ್ಕೊಳಗಾದ ಅಂಧ ಹುಡುಗಿಯೊಬ್ಬಳ ಬಸಿರನ್ನೇ ವ್ಯಭಿಚಾರಕ್ಕೆ ಸಾಕ್ಷಿಯೆಂದು ಹಿಡಿದು ಅಲ್ಲಿಯ ಕೋರ್ಟು ಅವಳಿಗೇ ಜೈಲು ಮತ್ತು ಛಡಿಯೇಟಿನ ಶಿಕ್ಷೆ ಕೊಟ್ಟಿತ್ತು. ಜನ ಕೂಗೆಬ್ಬಿಸಿದ ಮೇಲೆ ಮೇಲಿನ ಕೋರ್ಟು ಅವಳನ್ನು ಬಿಡಿಸಿತು.

ನನ್ನ ತಕರಾರು ಬೇರೆ. ಕೊಲ್ಲಲು ಇಷ್ಟೊಂದು ಜನರನ್ನು ಹುಡುಕಿದ ಕಾದಂಬರಿಕಾರ, ಈ ಮನುಷ್ಯನನ್ನು ಬೆಳೆಸಿದವರನ್ನು ಅಷ್ಟಾಗಿ ಹುಡುಕುವುದಿಲ್ಲ. ನ್ಯಾಯಾಧೀಶರಾಗಲಿ ರಾಜಕಾರಣಿಗಳಾಗಲಿ ಇಲ್ಲಿ ಮುಖ್ಯ ಪಾತ್ರಗಳಲ್ಲ. ಖಳ ಒಬ್ಬನೇ ಆದರೆ ಕಥೆ ಬಿಗಿಯಾಗುತ್ತದೆ, ನಿಜ. ಇತಿಹಾಸಕ್ಕೆ ಆ ಸೌಲಭ್ಯವಿಲ್ಲ.

1976ರಲ್ಲಿ ಹಲವು ಹಿರಿಯರನ್ನು ಬದಿಗೆ ಸರಿಸಿ ಝಿಯಾರನ್ನು ಸೇನೆಯ ಮುಖ್ಯಸ್ಥನನ್ನಾಗಿ ಮಾಡಿದವರು ಚುನಾಯಿತ ಪ್ರಧಾನಿ ಝುಲ್ಫಿಕರ್ ಅಲಿ ಭುಟ್ಟೊ. 1974ರಲ್ಲಿ ಸಂವಿಧಾನ ತಿದ್ದಿ, ಯಾರು ಮುಸ್ಲಿಮರು ಯಾರಲ್ಲ ಎಂದು ತೀರ್ಮಾನಿಸುವ ಕೆಲಸವನ್ನು ಸಂಸತ್ತಿಗೆ ತಂದದ್ದೂ, 1977ರಲ್ಲಿ ಚಳವಳಿಗಾರರನ್ನು ತಣಿಸಲು ಮದ್ಯ, ಜೂಜು ನಿಷೇಧಿಸಿದ್ದೂ ಅವರ ಸರಕಾರವೇ. ಧರ್ಮವನ್ನು ರಾಜಕೀಯದ ತಕ್ಕಡಿಗೆ ಹಾಕುವ ವಿದ್ಯೆಯನ್ನು ಝಿಯಾ ಕಂಡುಹಿಡಿಯಲಿಲ್ಲ. ಬಾಗಿಲು ತೆರೆದಿತ್ತು, ಅವರು ಬೂಟು ಹಾಕಿಕೊಂಡು ಒಳಗೆ ಬಂದರು.

1977ರ ಜುಲೈ 5ರಂದು ಅಧಿಕಾರ ಕಿತ್ತುಕೊಂಡ ಝಿಯಾ 90 ದಿನಗಳಲ್ಲಿ ಚುನಾವಣೆ ಎಂದರು. ಸುಪ್ರೀಂ ಕೋರ್ಟು ಅದೇ ವರ್ಷ 'ನಝರಿಯಾ-ಎ-ಝರೂರತ್', ಅಂದರೆ ಅನಿವಾರ್ಯತೆಯ ಸಿದ್ಧಾಂತದ ಹೆಸರಿನಲ್ಲಿ ಆ ದಂಗೆಗೆ ಮುದ್ರೆ ಒತ್ತಿತು. ಸಂವಿಧಾನ ತಿದ್ದುವ ಅಧಿಕಾರವನ್ನೂ ಕೊಟ್ಟಿತು. 1979ರಲ್ಲಿ ಭುಟ್ಟೊಗೆ ನೇಣು ಖಾಯಂ ಆದದ್ದು ನಾಲ್ಕಕ್ಕೆ ಮೂರು ಮತಗಳಿಂದ. ಆ ವಿಚಾರಣೆ ನ್ಯಾಯಯುತವಾಗಿರಲಿಲ್ಲ ಎಂದು ಅದೇ ಸುಪ್ರೀಂ ಕೋರ್ಟು ಒಪ್ಪಿಕೊಂಡದ್ದು 2024ರಲ್ಲಿ, 45 ವರ್ಷಗಳ ನಂತರ. ಹೊರಗಿನವರ ಪಾಲೂ ಇದೆ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಅಮೆರಿಕಕ್ಕೆ ಝಿಯಾ ಬೇಕಾದರು. 1981ರಲ್ಲಿ 320 ಕೋಟಿ ಡಾಲರುಗಳ ನೆರವು ಗೊತ್ತಾಯಿತು. ಪ್ರಜಾಪ್ರಭುತ್ವದ ಪಾಠ ಹೇಳುವವರು ಛಡಿಯೇಟಿನ ಸದ್ದು ಕೇಳಿಸದಂತೆ ಇದ್ದರು.

ಹಾಗಾದರೆ ಝಿಯಾ ನಿರ್ದೋಷಿಯೇ? ಖಂಡಿತ ಅಲ್ಲ. ತಪ್ಪು ಹಂಚಿಹೋಗಿದೆ ಎಂದ ಮಾತ್ರಕ್ಕೆ ಯಾರ ಪಾಲೂ ಹಗುರಾಗುವುದಿಲ್ಲ. ಇದ್ದ ರೋಗವನ್ನು ಅವರು ಕಾನೂನನ್ನಾಗಿ ಮಾಡಿದರು. 1979ರ ಹುದೂದ್ ಸುಗ್ರೀವಾಜ್ಞೆಗಳು, 1984ರಲ್ಲಿ ವಿದ್ಯಾರ್ಥಿ ಸಂಘಗಳ ನಿಷೇಧ, 1985ರ ಪಕ್ಷರಹಿತ ಚುನಾವಣೆ, ಸಂಸತ್ತನ್ನು ವಿಸರ್ಜಿಸುವ ಅಧಿಕಾರವನ್ನು ಅಧ್ಯಕ್ಷನ ಕೈಗಿಟ್ಟ ಎಂಟನೆಯ ತಿದ್ದುಪಡಿ, ಇವೆಲ್ಲ ಅವರ ಕಾಲದವು. 1984ರ ಜನಮತಗಣನೆಯಲ್ಲಿ ಕೇಳಿದ್ದು, ಕಾನೂನುಗಳನ್ನು ಇಸ್ಲಾಮಿಗೆ ಹೊಂದಿಸುವುದು ನಿಮಗೆ ಒಪ್ಪಿಗೆಯೇ ಎಂದು. 'ಹೌದು' ಎಂದರೆ ಝಿಯಾ ಇನ್ನೂ ಐದು ವರ್ಷ ಅಧ್ಯಕ್ಷರು! ದೀನನ್ನು ಕುರ್ಚಿಯ ಕಾಲಿಗೆ ಕಟ್ಟಿದ ಈ ಒಂದು ಪ್ರಶ್ನೆ ಸಾಕು, ಅವರ ಮೇಲಿನ ಆರೋಪಪಟ್ಟಿಗೆ. ಇಸ್ಲಾಮಿಗೆ ಅದರಿಂದ ಆದ ಹಾನಿ ಅದರ ವೈರಿಗಳಿಂದಲೂ ಆಗಿರಲಾರದು.

'ಆಗ ಯಾರೇನು ಮಾಡಲು ಸಾಧ್ಯವಿತ್ತು?' ಎಂದು ಕೇಳುವವರಿದ್ದಾರೆ. ಮಾಡಿದವರಿದ್ದರು. ನ್ಯಾಯಮೂರ್ತಿ ದೊರಾಬ್ ಪಟೇಲ್ ಭುಟ್ಟೊ ಪ್ರಕರಣದಲ್ಲಿ ಬಹುಮತವನ್ನು ಒಪ್ಪದ ಮೂವರಲ್ಲಿ ಒಬ್ಬರು. 1981ರಲ್ಲಿ ಝಿಯಾರ ತಾತ್ಕಾಲಿಕ ಸಂವಿಧಾನಕ್ಕೆ ಪ್ರಮಾಣ ಮಾಡಲು ಒಪ್ಪದೆ ಹುದ್ದೆಯನ್ನೇ ಬಿಟ್ಟರು. 1983ರ ಫೆಬ್ರವರಿ 12ರಂದು ಹೆಂಗಸರ ಸಾಕ್ಷ್ಯದ ಬೆಲೆ ತಗ್ಗಿಸುವ ಕಾನೂನಿನ ವಿರುದ್ಧ ಲಾಹೋರಿನ ಮಹಿಳೆಯರು ಬೀದಿಗಿಳಿದು ಲಾಠಿಯೇಟು ತಿಂದರು. ಕವಿ ಹಬೀಬ್ ಜಾಲಿಬ್ ಕೂಡ ಪೆಟ್ಟು ತಿಂದರು. ಇಂಥವರು ಇದ್ದರೆಂಬುದೇ ಸುಮ್ಮನಿದ್ದವರ ಮೇಲಿನ ಸಾಕ್ಷಿ.

ಝಿಯಾ ಸತ್ತ ನಂತರದ ಲೆಕ್ಕ ಇನ್ನೂ ಕಠಿಣ. 2010ರಲ್ಲಿ ಹದಿನೆಂಟನೆಯ ತಿದ್ದುಪಡಿ ಸಂವಿಧಾನದಿಂದ ಅವರ ಹೆಸರನ್ನು ಅಳಿಸಿತು. ಆದರೆ ಸಂಸದ ಸತ್ಯವಂತನೂ ನಂಬಿಗಸ್ತನೂ ಆಗಿರಬೇಕೆಂದು ಅವರ ಕಾಲದಲ್ಲಿ ಸೇರಿಸಿದ ಕಲಮು ಹಾಗೇ ಉಳಿಯಿತು. 'ಸಾದಿಕ್' ಮತ್ತು 'ಅಮೀನ್' ನಮ್ಮ ಪ್ರವಾದಿಯವರಿಗೆ ಜನ ಕೊಟ್ಟ ಬಿರುದುಗಳು. ಅವುಗಳನ್ನು ಎದುರಾಳಿಯನ್ನು ಹೊಡೆಯುವ ದೊಣ್ಣೆ ಮಾಡಿಕೊಳ್ಳಲಾಯಿತು. 2017ರಲ್ಲಿ ಆ ಕಲಮಿಗೆ ಸಿಕ್ಕಿ ಪ್ರಧಾನಿ ಪಟ್ಟ ಕಳೆದುಕೊಂಡವರು ಯಾರು? ಝಿಯಾ ನೆರಳಿನಲ್ಲೇ ರಾಜಕೀಯಕ್ಕೆ ಬಂದ ನವಾಝ್ ಶರೀಫ್. ಅಳಿಸಿದ್ದು ಹೆಸರು, ಉಳಿಸಿಕೊಂಡದ್ದು ಆಯುಧ.

ಹನೀಫರ ಕಾದಂಬರಿಯ ಪಾಡೂ ಇದನ್ನೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದು ವರ್ಷಗಟ್ಟಲೆ ಪಾಕಿಸ್ತಾನದ ಅಂಗಡಿಗಳಲ್ಲಿ ಮಾರಾಟವಾಯಿತು. ಉರ್ದು ಅನುವಾದ ಬಂದ ಬೆನ್ನಿಗೇ, 2020ರ ಜನವರಿಯಲ್ಲಿ, ಗುಪ್ತಚರ ಸಂಸ್ಥೆಯವರೆಂದು ಹೇಳಿಕೊಂಡವರು ಕರಾಚಿಯ ಪ್ರಕಾಶಕರ ಕಚೇರಿಗೆ ಬಂದು ಪ್ರತಿಗಳನ್ನು ಹೊತ್ತೊಯ್ದರು. ಇಂಗ್ಲಿಷ್ ಓದುವ ಕೆಲವರು ನಕ್ಕರೆ ಅಡ್ಡಿಯಿಲ್ಲ, ಉರ್ದು ಓದುವ ಹಲವರು ನಗಬಾರದು. ಝಿಯಾ ಸತ್ತು ಆಗ 31 ವರ್ಷ ಕಳೆದಿತ್ತು. ಸತ್ತವರು ಪುಸ್ತಕ ಹೊತ್ತೊಯ್ಯುವುದಿಲ್ಲ.

ಆದ್ದರಿಂದ 1988ರ ಆಗಸ್ಟ್ 17ರವರೆಗಿನ ಲೆಕ್ಕದಲ್ಲಿ ದೊಡ್ಡ ಪಾಲು ಝಿಯಾ ಅವರದೇ. ಅವರ ತಲೆಗೆ ಅದನ್ನು ಕಟ್ಟೋಣ, ಸಂಕೋಚ ಬೇಡ. ಆದರೆ ಆ ಮರುದಿನದಿಂದಾಚೆಗಿನದು, ಅವರ ಆಯುಧಗಳನ್ನು ತುಕ್ಕು ಹಿಡಿಯಲು ಬಿಡದೆ ಒರೆಸಿ ಇಟ್ಟುಕೊಂಡವರ ಲೆಕ್ಕ.